ಕ್ಯಾಂಪಿನ ನಾತಾಳ ಡಬ್ಬಿ: ಘಟ್ಟ ಹತ್ತಿ ಬಂದ ಕರಾವಳಿಯ ಸಿಹಿತಿಂಡಿಗಳು

ಡಿಸೆಂಬರ್ ತಿಂಗಳು ಬಂತೆಂದರೆ ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಗೋವಾ ಮೂಲದ ಕೆಲವು ಕುಟುಂಬಗಳು ನಾತಾಳದ, ಅಂದರೆ ಕ್ರಿಸ್‌ಮಸ್ ಹಬ್ಬದ, ಸಿಹಿತಿಂಡಿಗಳನ್ನು ಮನೆಯಲ್ಲೇ ತಯಾರಿಸಿ ಆರ್ಡರಿನ ಮೇಲೆ ಕೊಡುತ್ತವೆ. ಅಂಥ ಒಂದು ಮನೆಯಿಂದ ತರಿಸಿದ ಡಬ್ಬಿಯ ಬಗ್ಗೆ ಈ ವಿಮರ್ಶೆ. ಅವರಿಗೆ ಅಂಗಡಿಯಿಲ್ಲ, ಬಾಗಿಲ ಮೇಲೆ ಫಲಕವಿಲ್ಲ. ಅತ್ತೆ, ಸೊಸೆ ಇಬ್ಬರೇ ನಡೆಸುವ ಕೆಲಸವಾದ್ದರಿಂದ ಪರಿಚಯದವರ ಮೂಲಕ ಬರುವ ಗಿರಾಕಿಗಳೇ ಸಾಕು ಎನ್ನುತ್ತಾರೆ. ಅವರ ಇಚ್ಛೆಯಂತೆ ಹೆಸರು, ವಿಳಾಸಗಳನ್ನು ಇಲ್ಲಿ ಬರೆಯುತ್ತಿಲ್ಲ. ಕ್ಯಾಂಪಿನಲ್ಲಿ ಯಾರಾದರೂ ಪರಿಚಯದವರಿದ್ದರೆ ಇಂಥ ಮನೆಗಳನ್ನು ಹುಡುಕುವುದು ಕಷ್ಟವಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಲ್ವಾದಂಥ ದೋದೊಲ್ ಮತ್ತು ಪದರ ಪದರವಾಗಿ ಬೇಯಿಸುವ ಬೆಬಿಂಕಾ ಬೇಕಾದವರು ಈ ಮನೆಯ ಬಾಗಿಲು ತಟ್ಟಬೇಕು, ಕೇಕ್ ಬೇಕಾದವರು ನೇರವಾಗಿ ಬೇಕರಿಗೆ ಹೋಗಬೇಕು.

ಚೋರ್ಲಾ ಘಟ್ಟದ ದಾರಿಯಲ್ಲಿ ಜಾಂಬೋಟಿ, ಕಣಕುಂಬಿ ದಾಟಿ ಇಳಿದರೆ ಪಣಜಿ ನಮ್ಮ ಊರಿಗೆ ಸುಮಾರು 120 ಕಿಲೋಮೀಟರ್ ಅಷ್ಟೇ. ಹೀಗಾಗಿ ಬೆಳಗಾವಿಯವರಿಗೆ ಗೋವಾದ ತಿಂಡಿ ಹೊಸದೇನಲ್ಲ. ಹೋಗಿ ಬಂದವರೆಲ್ಲ ಒಂದು ಪೊಟ್ಟಣ ಬೆಬಿಂಕಾ ತಂದೇ ತರುತ್ತಾರೆ. ಆದರೆ ಪ್ರವಾಸಿಗರಿಗೆಂದು ಪ್ಲಾಸ್ಟಿಕ್‌ನಲ್ಲಿ ಸುತ್ತಿ ತಿಂಗಳುಗಟ್ಟಲೆ ಇಡುವ ಬೆಬಿಂಕಾಕ್ಕೂ ಮನೆಯಲ್ಲಿ ಹಬ್ಬಕ್ಕಾಗಿ ಮಾಡಿದ ಬೆಬಿಂಕಾಕ್ಕೂ ಇರುವ ಅಂತರ ಬಹಳ ದೊಡ್ಡದು. ಮೊದಲನೆಯದನ್ನಷ್ಟೇ ತಿಂದು ‘ಬರೀ ಸಕ್ಕರೆ, ಮತ್ತೇನೂ ಇಲ್ಲ’ ಎಂದು ತೀರ್ಮಾನಿಸಿದವರು ನಮ್ಮ ಊರಿನಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿಯೇ ಈ ಡಬ್ಬಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು ಅನ್ನಿಸಿತು.

ಕರಾವಳಿಯಲ್ಲಿ ನಾತಾಳದ ತಯಾರಿ ಬೆವರಿನಲ್ಲಿಯೇ ನಡೆಯುತ್ತದೆ. ಡಿಸೆಂಬರಿನಲ್ಲೂ ಪಣಜಿ, ಮಡಗಾಂವ್‌ಗಳಲ್ಲಿ ಹಗಲಿನ ತಾಪಮಾನ 30 ಡಿಗ್ರಿ ದಾಟುತ್ತದೆ. ಡಿಸೆಂಬರ್ 3ರಂದು ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಹಬ್ಬ, 8ರಂದು ಪಣಜಿಯ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚಿನ ಜಾತ್ರೆ. ಇವೆರಡೂ ಮುಗಿಯುವ ಹೊತ್ತಿಗೆ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ, ಅಂಗಳದಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು ನೆನಪಿಸುವ, ಹುಲ್ಲು ಹೊದಿಸಿದ ಗೋದಲಿ ಏಳುತ್ತದೆ, ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಕೆಲಸ ಶುರುವಾಗುತ್ತದೆ. 19ನೇ ತಾರೀಖು ಗೋವಾ ವಿಮೋಚನೆಯ ದಿನ. 1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಕೊನೆಗೊಂಡದ್ದು ಅಂದು. ಅದರ ರಜೆ ಮತ್ತು ನಾತಾಳದ ರಜೆ ಹತ್ತಿರ ಹತ್ತಿರ ಬರುವುದರಿಂದ ಘಟ್ಟದ ರಸ್ತೆಯಲ್ಲಿ ವಾಹನಗಳ ಸಾಲು ಹೇಳತೀರದು. ತಿಂಡಿಗಾಗಿಯೇ ಆ ವಾರ ಘಟ್ಟ ಇಳಿಯಬೇಕೆಂದಿದ್ದವರಿಗೆ ಕ್ಯಾಂಪಿನ ಈ ಮನೆ ಬಹಳ ಅನುಕೂಲ.

ಈ ತಿಂಡಿಗಳ ಬುಡ ತೆಂಗು. ತೆಂಗಿನಕಾಯಿ, ತೆಂಗಿನ ಹಾಲು, ತೆಂಗಿನ ಬೆಲ್ಲ, ಅದರ ಜೊತೆಗೆ ಅಕ್ಕಿಹಿಟ್ಟು, ಮೊಟ್ಟೆ, ಗೋಡಂಬಿ. ಬಯಲುಸೀಮೆಗೆ ಬಂದ ಕೂಡಲೇ ಇವುಗಳಲ್ಲಿ ಒಂದೊಂದನ್ನೇ ಬಿಟ್ಟು, ಅಗ್ಗವಾಗಿ ಸಿಗುವ ಬೇರೊಂದನ್ನು ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಈ ಮನೆಯವರು ಆ ಆಸೆಗೆ ಬಲಿಯಾಗಿಲ್ಲ. ಅವರ ತಿಂಡಿಗಳ ಬಗ್ಗೆ ನನಗಿರುವ ಗೌರವಕ್ಕೆ ಇದೇ ಮುಖ್ಯ ಕಾರಣ, ಮತ್ತು ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಗೊತ್ತಾಗುವುದು ದೋದೊಲ್‌ನಲ್ಲಿ.

ದೋದೊಲ್ ನೋಡಲು ಕಪ್ಪಗೆ, ಮೆತ್ತಗೆ, ಹೊಳೆಯುವ ಹಲ್ವಾದಂಥ ತಿಂಡಿ. ಅಕ್ಕಿಹಿಟ್ಟನ್ನು ತೆಂಗಿನ ಹಾಲಿನಲ್ಲಿ ಕಲೆಸಿ, ಬೆಲ್ಲ ಹಾಕಿ, ತಳ ಹಿಡಿಯದಂತೆ ತಾಸುಗಟ್ಟಲೆ ತಿರುವಬೇಕು. ಹಿಟ್ಟು ಬೆಂದು, ಪಾತ್ರೆಯ ಅಂಚು ಬಿಟ್ಟು, ತೆಂಗಿನೆಣ್ಣೆ ತಾನಾಗಿಯೇ ಮೇಲೆ ಒಸರಿದಾಗಲೇ ಅದು ಮುಗಿದಂತೆ. ಕೈ ಸೋತಿತೆಂದು ನಡುವೆ ಇಳಿಸಿದರೆ ಹಸಿಹಿಟ್ಟಿನ ವಾಸನೆ ಉಳಿಯುತ್ತದೆ. ಇದಕ್ಕೆ ಬಳಸುವ ಬೆಲ್ಲ ಕಬ್ಬಿನದಲ್ಲ, ತೆಂಗಿನ ಮರದಿಂದ ಇಳಿಸಿದ ರಸ ಕಾಯಿಸಿ ಮಾಡಿದ ಕಪ್ಪು ಬೆಲ್ಲ. ಅದರಲ್ಲಿ ಸಿಹಿಯ ಅಡಿಯಲ್ಲಿ ತುಸು ಉಪ್ಪಿನ ಎಳೆ ಇರುತ್ತದೆ, ಸುಟ್ಟ ವಾಸನೆಯೂ ಇರುತ್ತದೆ. ಕಬ್ಬಿನ ನಾಡಾದ ಬೆಳಗಾವಿ ಜಿಲ್ಲೆಯಲ್ಲಿ ಕೂತು, ಮನೆಯ ಬಾಗಿಲಿಗೇ ಪೆಂಟೆ ಬೆಲ್ಲ ಬರುವಾಗ, ತೆಂಗಿನ ಬೆಲ್ಲವನ್ನೇ ಗೋವಾದಿಂದ ತರಿಸುತ್ತೇವೆ ಎಂದರೆ ಅದು ಸಣ್ಣ ಮಾತಲ್ಲ. ಮಾಪುಸಾದ ಶುಕ್ರವಾರದ ಸಂತೆಯಿಂದ ನಂಟರೊಬ್ಬರು ಕೊಂಡು ಕಳಿಸುತ್ತಾರಂತೆ. ಮರ ಹತ್ತಿ ರಸ ಇಳಿಸುವ ರೆಂದೇರರ ಸಂಖ್ಯೆ ಗೋವಾದಲ್ಲೇ ಕಡಿಮೆಯಾಗುತ್ತಿರುವುದರಿಂದ ಆ ಬೆಲ್ಲದ ದರ ಏರುತ್ತಲೇ ಇದೆ ಎಂದು ಅವರು ಹೇಳಿದರು.

ನಾನು ತಂದ ದೋದೊಲ್‌ನ ತುಂಡನ್ನು ಚಾಕುವಿನಿಂದ ಕತ್ತರಿಸಿದಾಗ ಅಂಚು ನಯವಾಗಿ ಬಂತು, ಎಲ್ಲಿಯೂ ಗಂಟು ಸಿಗಲಿಲ್ಲ, ಒಡೆದ ಗೋಡಂಬಿಯ ಚೂರುಗಳು ಎಲ್ಲ ಕಡೆಯೂ ಸಮನಾಗಿ ಹರಡಿದ್ದವು. ಬಾಯಿಗಿಟ್ಟರೆ ಮೊದಲು ಬೆಲ್ಲ, ಆಮೇಲೆ ತೆಂಗಿನ ಹಾಲಿನ ಕೊಬ್ಬು, ಕೊನೆಗೆ ನಾಲಗೆಯ ಮೇಲೆ ಆ ಉಪ್ಪಿನ ಎಳೆ. ಗೋಕಾಕದ ಕರದಂಟು ತಿಂದು ಬೆಳೆದ ನನಗೆ ಬೆಲ್ಲದ ತಿಂಡಿ ಎಂದರೆ ಜಗಿಯುವ ತಿಂಡಿ ಎಂಬ ಭಾವನೆ ಇದೆ. ದೋದೊಲ್‌ನಲ್ಲಿ ಜಗಿಯುವ ಕೆಲಸವೇ ಇಲ್ಲ, ಆದರೂ ಅದರ ರುಚಿ ಬೇಗ ಮುಗಿದುಹೋಗುವುದಿಲ್ಲ.

ಇಲ್ಲಿ ಕೊಳ್ಳುವವರು ತಿಳಿದಿರಬೇಕಾದ ಒಂದು ಮಾತಿದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಕರಾವಳಿಯಲ್ಲಿ ಹಗಲೆಲ್ಲ ದೋದೊಲ್ ಮೆತ್ತಗೇ ಇರುತ್ತದೆ, ಏಕೆಂದರೆ ಹವೆಯೇ ಅದನ್ನು ಮೆತ್ತಗಿಡುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಡಿಸೆಂಬರ್ ರಾತ್ರಿಯ ಚಳಿಗೆ ಅದು ಬೆಳಿಗ್ಗೆ ಎದ್ದಾಗ ಗಟ್ಟಿಯಾಗಿ, ಮೇಲೆ ಬಿಳಿಯ ಪದರ ಕಟ್ಟಿಕೊಂಡಿರುತ್ತದೆ. ಆ ಪದರವನ್ನು ಬೂಸ್ಟು ಎಂದು ತಿಳಿದು ಎಸೆದವರೂ ಇದ್ದಾರಂತೆ. ಡಬ್ಬಿ ಕೈಗಿಡುವಾಗ ಆ ಮನೆಯ ಹಿರಿಯಮ್ಮ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು: “ಫ್ರಿಜ್‌ನ್ಯಾಗ ಇಡಬ್ಯಾಡ್ರಿ, ಕಲ್ಲಾಗತದ. ತಿನ್ನೂ ಮುಂದ ಒಂದ್ ಸ್ವಲ್ಪ ಬಿಸಲಾಗ ಇಡ್ರಿ, ಇಲ್ಲಾ ಬಿಸಿ ನೀರಿನ ಪಾತ್ರಿ ಮ್ಯಾಲೆ ತಾಟಿಡ್ರಿ.” ನಾನು ಎರಡನೆಯ ಉಪಾಯವನ್ನು ಪಾಲಿಸಿದೆ. ತಟ್ಟೆ ಬೆಚ್ಚಗಾದಂತೆ ಬಿಳಿಯ ಪದರ ಕರಗಿ, ತುಂಡಿನ ಮೈ ಮತ್ತೆ ಕಪ್ಪಗೆ ಹೊಳೆಯತೊಡಗಿತು. ಈ ಸೂಚನೆಯನ್ನು ಡಬ್ಬಿಯ ಮೇಲೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು ಅಂಟಿಸಿದರೆ ಬೇರೆಯವರ ಕೈಯಲ್ಲಿ ತರಿಸಿಕೊಳ್ಳುವವರಿಗೆ ಸಹಾಯವಾಗುತ್ತದೆ; ಸದ್ಯ ಅದು ಬಾಯಿಮಾತಿನಲ್ಲಷ್ಟೇ ಇದೆ.

ಬೆಬಿಂಕಾದ ಕಥೆ ಬೇರೆ. ಮೊಟ್ಟೆಯ ಹಳದಿ, ತೆಂಗಿನ ಹಾಲು, ಸಕ್ಕರೆ, ಮೈದಾ, ಜಾಯಿಕಾಯಿ ಇಷ್ಟು ಸೇರಿಸಿದ ತೆಳ್ಳನೆಯ ಹಿಟ್ಟನ್ನು ತುಪ್ಪ ಸವರಿದ ಪಾತ್ರೆಗೆ ಒಂದು ಸೌಟು ಸುರಿದು, ಮೇಲಿನಿಂದ ಬೆಂಕಿಯ ಕಾವು ಕೊಟ್ಟು, ಆ ಪದರ ಕೆಂಪಗಾದ ಮೇಲೆ ತುಪ್ಪ ಹಾಕಿ ಮತ್ತೊಂದು ಸೌಟು ಸುರಿಯಬೇಕು. ಹೀಗೆ ಏಳು ಪದರ ಮಾಡುವುದು ವಾಡಿಕೆ, ಹೆಚ್ಚೂ ಮಾಡುತ್ತಾರೆ. ಒಂದು ಪದರ ಬೇಯುವ ಮೊದಲೇ ಇನ್ನೊಂದನ್ನು ಸುರಿದರೆ ಎರಡೂ ಬೆರೆತು ಮುದ್ದೆಯಾಗುತ್ತವೆ. ಹೆಚ್ಚು ಹೊತ್ತು ಬಿಟ್ಟರೆ ಕಹಿಯಾಗುತ್ತದೆ. ಆದ್ದರಿಂದ ಇದನ್ನು ಮಾಡುವವರು ಒಲೆಯ ಮುಂದಿನಿಂದ ಏಳುವಂತೆಯೇ ಇಲ್ಲ. 2023ರಲ್ಲಿ ಗೋವಾದ ಬೆಬಿಂಕಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೆಳಗಾವಿಯಲ್ಲಿ ಮಾಡಿದ್ದಕ್ಕೆ ಆ ಹೆಸರಿನ ಹಕ್ಕು ಇಲ್ಲದಿರಬಹುದು, ಆದರೆ ಮಾಡುವ ಕ್ರಮದಲ್ಲಿ ಈ ಮನೆಯವರು ಎಲ್ಲಿಯೂ ಕೈ ಬಿಟ್ಟಿಲ್ಲ.

ಅವರ ಹಿತ್ತಲಿನಲ್ಲಿ ನಾನು ಕಂಡದ್ದನ್ನು ಹೇಳಬೇಕು. ದೋದೊಲ್‌ಗಾಗಿ ಒಡೆದ ತೆಂಗಿನಕಾಯಿಗಳ ಕರಟಗಳನ್ನು ಒಂದು ಮೂಲೆಯಲ್ಲಿ ಒಟ್ಟಿದ್ದರು. ಬೆಬಿಂಕಾದ ಪಾತ್ರೆಯ ಕೆಳಗೆ ಸಣ್ಣ ಉರಿ. ಮೇಲೆ ತಗಡಿನ ಮುಚ್ಚಳ, ಆ ಮುಚ್ಚಳದ ತುಂಬ ಅದೇ ಕರಟದ ಕೆಂಡ. ಸೊಸೆ ಇಕ್ಕಳದಿಂದ ಮುಚ್ಚಳವನ್ನು ಎತ್ತಿ, ಪದರದ ಮೇಲೆ ಕಂದು ಚುಕ್ಕೆಗಳು ಮೂಡಿದ್ದನ್ನು ನೋಡಿ, ಚಮಚದಿಂದ ತುಪ್ಪ ಸವರಿ, ಅಳತೆಯ ಸೌಟಿನಿಂದ ಹಿಟ್ಟು ಸುರಿದು ಪಾತ್ರೆಯನ್ನು ಅಲ್ಲಾಡಿಸಿ, ಮತ್ತೆ ಮುಚ್ಚಿದರು. ಮನೆಯೊಳಗೆ ವಿದ್ಯುತ್ ಓವನ್ ಇದೆ, ಅದರಲ್ಲಿ ಕುಕಿಗಳನ್ನು ಬೇಯಿಸುತ್ತಾರೆ. ಬೆಬಿಂಕಾವನ್ನು ಮಾತ್ರ ಕೆಂಡದಲ್ಲೇ ಮಾಡುತ್ತಾರೆ, ಏಕೆಂದರೆ ಆ ಹೊಗೆಯ ವಾಸನೆ ಬೇರೆ ಯಾವುದರಿಂದಲೂ ಬರುವುದಿಲ್ಲ. ಡಬ್ಬಿಯಲ್ಲಿ ಬಂದ ತುಂಡನ್ನು ಪಕ್ಕದಿಂದ ನೋಡಿದಾಗ ಹಳದಿ ಮತ್ತು ಕಂದು ಗೆರೆಗಳು ಒಂದರ ಮೇಲೊಂದು ಸ್ಪಷ್ಟವಾಗಿ ಕಾಣುತ್ತಿದ್ದವು, ಕೈಯಿಂದ ಪದರಗಳನ್ನು ಬಿಡಿಸಲು ಬರುತ್ತಿತ್ತು. ಸಿಹಿ ಗಟ್ಟಿಯೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ತೆಳು ತುಂಡಿಗಿಂತ ಹೆಚ್ಚು ಒಮ್ಮೆಗೆ ತಿನ್ನಲಾಗದು. ಆದರೆ ಜಾಯಿಕಾಯಿ ಮತ್ತು ಹೊಗೆ ಎರಡೂ ಆ ಸಿಹಿಯನ್ನು ಹಿಡಿತದಲ್ಲಿಡುತ್ತವೆ. ನಮ್ಮ ಕುಂದಾ ಹೇಗೆ ಹಾಲು ಕೆಂಪಗಾಗುವವರೆಗೆ ಕಾಯಿಸುವ ತಾಳ್ಮೆಯಿಂದಲೇ ಕುಂದಾ ಆಗುತ್ತದೆಯೋ, ಹಾಗೆಯೇ ಇದು.

ನೇವ್ರಿ ಎಂದರೆ ನಮ್ಮ ಕರ್ಚಿಕಾಯಿಯ ನಂಟ. ನಾವು ಒಣಕೊಬ್ಬರಿ, ಗಸಗಸೆ, ಪುಟಾಣಿ ಹಾಕುವ ಕಡೆ ಅವರು ಹಸಿ ತೆಂಗಿನ ತುರಿಯನ್ನು ಸಕ್ಕರೆಯೊಂದಿಗೆ ಹುರಿದು, ಎಳ್ಳು, ಏಲಕ್ಕಿ, ಒಣದ್ರಾಕ್ಷಿ ಸೇರಿಸಿ ತುಂಬುತ್ತಾರೆ. ಕಡಲ ತೀರದ ತೇವಕ್ಕೆ ಇಂಥ ತಿಂಡಿ ಬೇಗ ಮೆತ್ತಗಾಗುತ್ತದೆ, ಇಲ್ಲಿಯ ಒಣ ಚಳಿಯಲ್ಲಿ ಹಾಗಾಗುವುದಿಲ್ಲ. ಕರಾವಳಿಗಿಂತ ಬೆಳಗಾವಿಯಲ್ಲೇ ಚೆನ್ನಾಗಿ ಉಳಿಯುವ ನಾತಾಳದ ತಿಂಡಿ ಇದು ಎಂದರೆ ತಪ್ಪಾಗದು. ಕುಲ್‌ಕುಲ್‌ಗಳೂ ಗರಿಗರಿಯಾಗಿದ್ದವು. ಹಿಟ್ಟಿನ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ ಕರಿಯುವ ಈ ಕೆಲಸದಲ್ಲಿ ಓಣಿಯ ಮಕ್ಕಳೆಲ್ಲ ಕೈ ಹಾಕುತ್ತಾರೆ, ಹಾಗಾಗಿ ಒಂದು ದಪ್ಪ, ಒಂದು ಸಣ್ಣ. ಅದು ನನಗೆ ಇಷ್ಟವೇ ಆಯಿತು. ಕಡಲೆಬೇಳೆ ಮತ್ತು ತೆಂಗಿನಿಂದ ಮಾಡಿದ ದೋಸ್ ಹೂರಣ ಇಷ್ಟಪಡುವ ಎಲ್ಲರಿಗೂ ಹಿಡಿಸುತ್ತದೆ.

ಪೇರಾದ್, ಅಂದರೆ ಪೇರಲ ಹಣ್ಣಿನ ಗಟ್ಟಿ ಹಲ್ವಾ, ರುಚಿಯಲ್ಲಿ ಉತ್ತಮ. ಆದರೆ ಇಲ್ಲಿಯೇ ನನ್ನ ಮುಖ್ಯ ತಕರಾರು. ಅದರ ತುಂಡುಗಳನ್ನು ಬೆಣ್ಣೆ ಕಾಗದದಲ್ಲಿ ಸುತ್ತದೆ ನೇವ್ರಿಗಳ ಪಕ್ಕದಲ್ಲೇ ಇಟ್ಟಿದ್ದರಿಂದ ಹಣ್ಣಿನ ಪಸೆ ತಗುಲಿ ಆ ಬದಿಯ ನೇವ್ರಿಗಳು ಮರುದಿನವೇ ಮೆತ್ತಗಾಗಿದ್ದವು. ಇಷ್ಟು ಶ್ರಮಪಟ್ಟು ಮಾಡಿದ ತಿಂಡಿ ಪೊಟ್ಟಣ ಕಟ್ಟುವಲ್ಲಿನ ಅವಸರದಿಂದ ಹಾಳಾಗಬಾರದು. ಡಬ್ಬಿಯಲ್ಲಿ ಒಂದು ರಟ್ಟಿನ ಅಡ್ಡಗೋಡೆ ಹಾಕಿದರೂ ಸಾಕು. ಫೋನ್ ಮಾಡಿ ತಿಳಿಸಿದಾಗ ಅವರು ಬೇಸರಿಸಿಕೊಳ್ಳದೆ ಕೇಳಿಕೊಂಡರು ಮತ್ತು ಬದಲಿ ನೇವ್ರಿಗಳನ್ನು ಕೊಟ್ಟರು. ಆದರೂ ಈಗ ಕೊಳ್ಳುವವರು ಮನೆ ಸೇರಿದ ಕೂಡಲೇ ಪೇರಾದ್ ಮತ್ತು ದೋದೊಲ್ ಎರಡನ್ನೂ ಬೇರೆ ಡಬ್ಬಿಗೆ ತೆಗೆದಿಡುವುದು ಕ್ಷೇಮ.

ಕೇಕಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಸಿದ್ದಾರೆ, ಹಣ್ಣು ಧಾರಾಳವಾಗಿದೆ, ಆದರೆ ಕೇಕಿನ ಮೈ ಒಣಗಿದೆ. ಕ್ಯಾಂಪಿನ ಹಳೆಯ ಬೇಕರಿಗಳು ಈ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತವೆ. ಗಿರಾಕಿಗಳು ಕೇಳುತ್ತಾರೆಂದು ಮಾಡುತ್ತೇವೆ ಎಂದು ಅವರೇ ಹೇಳಿದರು; ಬಿಟ್ಟರೂ ನಷ್ಟವಿಲ್ಲ ಎಂಬುದು ನನ್ನ ಅನಿಸಿಕೆ.

ನಮ್ಮ ಭಾಗದಲ್ಲಿ ಮೊಟ್ಟೆ ತಿನ್ನದವರು ಬಹಳ ಜನ ಇರುವುದರಿಂದ ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಈ ಮನೆಯ ದೋದೊಲ್, ದೋಸ್, ಪೇರಾದ್ ಮೂರರಲ್ಲಿಯೂ ಮೊಟ್ಟೆಯಿಲ್ಲ. ನೇವ್ರಿಯ ಕಣಕಕ್ಕೂ ಮೊಟ್ಟೆ ಹಾಕುವುದಿಲ್ಲ ಎಂದು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಬೆಬಿಂಕಾ, ಕುಲ್‌ಕುಲ್, ರವೆ-ತೆಂಗಿನ ಬೊಲಿನ್ಯಾ ಕುಕಿ, ಕೇಕ್ ಇವುಗಳಲ್ಲಿ ಇದೆ. ಮೊದಲೇ ತಿಳಿಸಿದರೆ ಮೊಟ್ಟೆಯಿಲ್ಲದವುಗಳನ್ನಷ್ಟೇ ಬೇರೆ ಡಬ್ಬಿಯಲ್ಲಿ ಕಟ್ಟಿ, ಮೇಲೆ ಹಸಿರು ದಾರ ಸುತ್ತಿ ಕೊಡುತ್ತಾರೆ. ಬೇರೆ ಮನೆಗಳಲ್ಲಿ ಪದ್ಧತಿ ಬೇರೆ ಇರಬಹುದು, ನೇವ್ರಿಯ ವಿಷಯದಲ್ಲಂತೂ ಪ್ರತಿ ಸಲ ಕೇಳಿಯೇ ಕೊಳ್ಳಬೇಕು.

ಈ ಹಸಿರು ದಾರದ ಹಿಂದೆ ಹಳೆಯ ರೂಢಿಯೊಂದಿದೆ. ಗೋವಾದಲ್ಲಿ ನಾತಾಳದ ತಾಟು ನೆರೆಮನೆಗಳಿಗೆ ಹೋಗಲೇಬೇಕು, ಹಿಂದೂಗಳ ಮನೆಗಳಿಗೂ ಹೋಗಬೇಕು. ಸಾವಿನ ಸೂತಕವಿದ್ದು ಆ ವರ್ಷ ತಿಂಡಿ ಮಾಡದ ಮನೆಗೆ ನೆರೆಯವರೇ ಕಳಿಸುತ್ತಾರೆ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಗುವ ಮೊದಲಿನಿಂದಲೂ ಕ್ಯಾಂಪಿನಲ್ಲಿ ನೆಲೆಸಿದ ಕುಟುಂಬಗಳಲ್ಲಿ ಇದು ಹಾಗೆಯೇ ನಡೆದು ಬಂದಿದೆ. ದೀಪಾವಳಿಗೆ ನಮ್ಮ ಮನೆಗಳಿಂದ ಫರಾಳದ ತಾಟು ಅವರ ಮನೆಗೆ ಹೋಗುತ್ತದೆ, ನಾತಾಳಕ್ಕೆ ಅದೇ ತಾಟಿನ ಮೇಲೆ ನೇವ್ರಿ, ದೋದೊಲ್ ತಿರುಗಿ ಬರುತ್ತದೆ. ಯಾರು ಮೊಟ್ಟೆ ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ ಎಂಬುದು ಆ ಹಿರಿಯಮ್ಮನಿಗೆ ಬಾಯಿಪಾಠ. ಮಾರಾಟ ಆಮೇಲೆ ಬಂದದ್ದು. ತಾಟು ಕಳಿಸುವ ರೂಢಿಯ ಶಿಸ್ತು ಅದರಲ್ಲಿ ಉಳಿದುಕೊಂಡಿದೆ. ಅದಕ್ಕೇ ಇರಬೇಕು, ಡಬ್ಬಿಯಲ್ಲಿ ತೂಕಕ್ಕಿಂತ ಒಂದೆರಡು ತುಂಡು ಹೆಚ್ಚೇ ಇರುತ್ತವೆ.

ದರ ಅಗ್ಗವೇನಲ್ಲ. ಅರ್ಧ ಕಿಲೋ ಬೆಬಿಂಕಾಕ್ಕೆ 500 ರೂಪಾಯಿ, ದೋದೊಲ್‌ಗೆ ಅದಕ್ಕಿಂತ ತುಸು ಕಡಿಮೆ, ಎಲ್ಲವೂ ಸೇರಿದ ಒಂದು ಕಿಲೋ ಡಬ್ಬಿಗೆ 800 ರೂಪಾಯಿ ಕೊಟ್ಟೆ. ಬೇಕರಿಯ ದರಕ್ಕೆ ಹೋಲಿಸಿದರೆ ಹೆಚ್ಚು ಅನ್ನಿಸಬಹುದು. ಒಂದು ಬೆಬಿಂಕಾಕ್ಕೆ ತಗಲುವ ಹೊತ್ತು, ತೆಂಗಿನ ಬೆಲ್ಲದ ಖರ್ಚು, ತೆಂಗಿನಕಾಯಿಯ ಈಗಿನ ಬೆಲೆ ಇವನ್ನೆಲ್ಲ ಲೆಕ್ಕ ಹಾಕಿದರೆ ಅವರಿಗೆ ಉಳಿಯುವುದು ಹೆಚ್ಚೇನಲ್ಲ, ಮತ್ತು ಚೌಕಾಸಿ ಮಾಡುವವರನ್ನು ಕಂಡು ನನಗೆ ಬೇಸರವಾಯಿತು. ಎಲ್ಲವೂ ಸೇರಿದ ಡಬ್ಬಿಗಿಂತ ಬೆಬಿಂಕಾ ಮತ್ತು ದೋದೊಲ್ ಅರ್ಧರ್ಧ ಕಿಲೋ, ಜೊತೆಗೆ ಬರೀ ನೇವ್ರಿಗಳ ಒಂದು ಪೊಟ್ಟಣ ತೆಗೆದುಕೊಳ್ಳುವುದು ಜಾಣತನ. ಪೇರಾದ್‌ನ ಪಸೆಯ ತೊಂದರೆಯೂ ತಪ್ಪುತ್ತದೆ.

ಆರ್ಡರ್ ಕೊಡುವ ವ್ಯವಸ್ಥೆ ಇನ್ನೂ ಸುಧಾರಿಸಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ್ದಕ್ಕೆ ಉತ್ತರ ಬರುವುದು ತಡ, ಕೆಂಡದ ಮುಂದೆ ಕೂತವರು ಫೋನ್ ನೋಡುವುದು ಹೇಗೆ ಎಂಬುದೂ ನಿಜವೇ. ಹೋಗಿ ಹೇಳಿ, ಅವರ ನೋಟ್‌ಬುಕ್ಕಿನಲ್ಲಿ ಬರೆಸಿ, ಅರ್ಧ ಮುಂಗಡ ಕೊಟ್ಟು ಬರುವುದು ಉತ್ತಮ. ಡಿಸೆಂಬರ್ ಎರಡನೇ ವಾರದೊಳಗೆ ಹೇಳದಿದ್ದರೆ ಬೆಬಿಂಕಾ ಸಿಗುವುದಿಲ್ಲ. ಡಬ್ಬಿಗಳನ್ನು 22 ಮತ್ತು 23ರ ಸಂಜೆ ಕೊಡುತ್ತಾರೆ. 24ರಂದು ಮಧ್ಯರಾತ್ರಿಯ ಪೂಜೆಗೆ ಮನೆಯವರೆಲ್ಲ ಹೊರಡುವುದರಿಂದ ಬಾಗಿಲು ಮುಚ್ಚಿರುತ್ತದೆ. 23ರ ಸಂಜೆ ಆ ಓಣಿಯಲ್ಲಿ ಕಾರು ನಿಲ್ಲಿಸಲು ಜಾಗವೇ ಇರುವುದಿಲ್ಲ, ದ್ವಿಚಕ್ರ ವಾಹನದಲ್ಲಿ ಹೋಗುವುದು ಲೇಸು.

ಹಬ್ಬದ ಹೊತ್ತಿಗೆ ಸಿಗದವರಿಗೆ ಇನ್ನೊಂದು ಅವಕಾಶವಿದೆ. ಡಿಸೆಂಬರ್ 31ರ ರಾತ್ರಿ ಕ್ಯಾಂಪಿನಲ್ಲಿ ಓಲ್ಡ್ ಮ್ಯಾನ್, ಅಂದರೆ ಮುಗಿಯುವ ವರ್ಷದ ಪ್ರತಿಕೃತಿ, ಸುಡುವುದನ್ನು ನೋಡಲು ಊರಿನವರೆಲ್ಲ ಅತ್ತ ಹೋಗುತ್ತಾರಲ್ಲ, ಆ ಹೊತ್ತಿಗೆಂದು ಈ ಮನೆಯವರು ಎರಡನೇ ಸರದಿಯ ದೋದೊಲ್ ಮತ್ತು ನೇವ್ರಿ ಮಾಡುತ್ತಾರೆ. ಅದಕ್ಕೆ 26ರಿಂದ 28ರವರೆಗೆ ಹೆಸರು ಬರೆಸಬೇಕು. ಆ ಸರದಿಯಲ್ಲಿ ಬೆಬಿಂಕಾ ಇರುವುದಿಲ್ಲ, ಕೇಕೂ ಇರುವುದಿಲ್ಲ.